ಸಂಧಿವಾತದೊಂದಿಗೆ ಬದುಕುವವಳಿಗೆ ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಬಂದು ಹನ್ನೊಂದು ವರ್ಷವಾಯಿತು. ಪುಸ್ತಕದಲ್ಲಿ ಇದನ್ನು ಸಂಧಿವಾತ ಎಂದು ಬರೆಯುತ್ತಾರೆ. ನಮ್ಮ ಕಡೆಯ ಹಿರಿಯರು ‘ವಾಯು’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾನಿರುವುದು ಹಾಸನದಲ್ಲಿ, ತವರು ಮೂಡಿಗೆರೆ ತಾಲ್ಲೂಕಿನ ಒಂದು ಹಳ್ಳಿ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಬಸ್ ನಿಲ್ದಾಣದಲ್ಲಿ, ಮದುವೆಯ ಪಂಕ್ತಿಯಲ್ಲಿ, ಔಷಧಿ ಅಂಗಡಿಯ ಮುಂದೆ, ಶಿಕ್ಷಕರ ಕೊಠಡಿಯಲ್ಲಿ ಜನ ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಕೇಳಿದವರಲ್ಲಿ ಹೆಚ್ಚಿನವರು ನನ್ನ ಹಿತ ಬಯಸುವವರೇ. ಆದರೂ ನಿಂತ ಕಾಲಿನಲ್ಲಿ ಸರಿಯಾದ ಉತ್ತರ ಕೊಡಲು ನನಗೆ ಆಗಿಲ್ಲ. ಎಷ್ಟೋ ಸಲ ನಕ್ಕು ಸುಮ್ಮನಾಗಿದ್ದೇನೆ. ಈಗ ಕುಳಿತು ಬರೆದಿದ್ದೇನೆ. ನಾನು ವೈದ್ಯೆಯಲ್ಲ, ಔಷಧಿ ಯಾವುದು, ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು.

ನಿಮಗೆ ಆಗಿರುವುದಾದರೂ ಏನು?

ಹೊರಗಿನಿಂದ ಬರುವ ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ನನ್ನಲ್ಲಿ ಕೀಲುಗಳ ಒಳಪೊರೆಯ ಮೇಲೆ ತಿರುಗಿ ಬಿದ್ದಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆ ಪೊರೆ ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ತಡೆಯದೆ ಬಿಟ್ಟರೆ ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನುತ್ತದೆ. ಹೆಚ್ಚಾಗಿ ಹಿಡಿಯುವುದು ಬೆರಳುಗಳ ಬುಡ, ನಡುವಿನ ಗಿಣ್ಣು, ಮಣಿಕಟ್ಟು ಮತ್ತು ಪಾದದ ಮುಂಭಾಗವನ್ನು. ಸಾಮಾನ್ಯವಾಗಿ ಎಡಗಡೆ ಬಂದದ್ದು ಬಲಗಡೆಯೂ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಕೀಲಿನ ಕಾಯಿಲೆ ಎಂದು ಹೆಸರಾದರೂ ಇದು ಇಡೀ ಮೈಯ ಕಾಯಿಲೆ. ರಕ್ತಹೀನತೆ ತರುತ್ತದೆ, ಕೆಲವರಲ್ಲಿ ಶ್ವಾಸಕೋಶ ಮತ್ತು ಕಣ್ಣನ್ನೂ ಮುಟ್ಟುತ್ತದೆ. ಅದು ತರುವ ಆಯಾಸವಂತೂ ನಿದ್ದೆಯಿಂದ ಹೋಗುವಂಥದ್ದಲ್ಲ. ಜ್ವರ ಬಿಟ್ಟ ಮರುದಿನ ಕೈಕಾಲಿಗೆ ಬರುವ ಸೋಲು ನೆನಪಿದೆಯೇ? ಅದು ತಿಂಗಳುಗಟ್ಟಲೆ ಹಾಗೆಯೇ ಉಳಿದರೆ ಹೇಗಿರುತ್ತದೆಯೋ ಹಾಗೆ.

ನೋಡಲು ಚೆನ್ನಾಗಿಯೇ ಇದ್ದೀರಲ್ಲ?

ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು, ಅತಿ ಹೆಚ್ಚು ನೋಯಿಸಿದ್ದೂ ಇದೇ.

ನೀವು ನನ್ನನ್ನು ನೋಡುವುದು ಬೆಳಿಗ್ಗೆ ಹತ್ತು ಗಂಟೆಗೆ, ಸೀರೆ ಉಟ್ಟು, ತಲೆ ಬಾಚಿ, ಶಾಲೆಯ ಗೇಟಿನಲ್ಲಿ. ಅದಕ್ಕೆ ಮೊದಲಿನ ನಾಲ್ಕು ಗಂಟೆ ನಿಮಗೆ ಕಾಣುವುದಿಲ್ಲ. ಈ ಕಾಯಿಲೆಯ ಗುರುತು ಮುಂಜಾನೆಯ ಬಿಗಿತ. ಕಾಯಿಲೆ ಜೋರಾಗಿರುವಾಗ ಅದು ಒಂದು ಗಂಟೆಗಿಂತ ಹೆಚ್ಚು ಇರುತ್ತದೆ. ಎಚ್ಚರವಾದಾಗ ಬೆರಳುಗಳು ಮಡಚುವುದಿಲ್ಲ, ಹೊದಿಕೆಯನ್ನು ಮೊಣಕೈಯಿಂದ ಸರಿಸುತ್ತೇನೆ. ನೆಲಕ್ಕೆ ಪಾದ ಊರಿದರೆ ಜಲ್ಲಿಕಲ್ಲಿನ ಮೇಲೆ ಇಟ್ಟ ಹಾಗಾಗುತ್ತದೆ. ಬಚ್ಚಲಿನ ಒಲೆಗೆ ಬೆಂಕಿ ಹಾಕಿ ನನ್ನ ಗಂಡ ಹಂಡೆ ನೀರು ಕಾಯಿಸಿಟ್ಟಿರುತ್ತಾರೆ. ಆ ಬಿಸಿನೀರಿನಲ್ಲಿ ಕೈಗಳನ್ನು ಅದ್ದಿಕೊಂಡು ಕುಳಿತರೆ ನಿಧಾನವಾಗಿ ಒಂದೊಂದೇ ಬೆರಳು ನನ್ನದಾಗುತ್ತದೆ. ತಲೆ ಬಾಚುವವಳು ದೊಡ್ಡ ಮಗಳು. ಸೀರೆಯ ಪಿನ್ನನ್ನು ಚುಚ್ಚುವವಳು ಚಿಕ್ಕವಳು. ನೀವು ನೋಡುವ ‘ಚೆನ್ನಾಗಿರುವ’ ನಾನು ಮೂವರು ಸೇರಿ ಬೆಳಿಗ್ಗೆ ಸಿದ್ಧಮಾಡಿದ ಮನುಷ್ಯಳು.

‘ನೋಡಲು ಚೆನ್ನಾಗಿದ್ದೀರಿ’ ಎಂದು ನೀವು ಹೇಳುವಾಗ ಸಮಾಧಾನ ಹೇಳುತ್ತಿದ್ದೀರಿ ಎಂದು ಗೊತ್ತು. ನನಗೆ ಕೇಳಿಸುವುದು ‘ನನಗೆ ನಂಬಿಕೆ ಬರುತ್ತಿಲ್ಲ’ ಎಂದು. ಕಾಲು ಮುರಿದು ಪಟ್ಟಿ ಹಾಕಿಸಿಕೊಂಡವರನ್ನು ಯಾರೂ ಸಾಕ್ಷಿ ಕೇಳುವುದಿಲ್ಲ. ನಾನು ಮಾತ್ರ ಊದಿದ ಗಿಣ್ಣುಗಳನ್ನು ತೋರಿಸಬೇಕು, ರಕ್ತ ಪರೀಕ್ಷೆಯ ಅಂಕಿಯನ್ನು ಹೇಳಬೇಕು. ನೋವಿಗಿಂತ ನೋವನ್ನು ರುಜುವಾತು ಮಾಡುವ ಕೆಲಸವೇ ದೊಡ್ಡದಾದ ದಿನಗಳಿವೆ.

ನಿನ್ನೆ ಮದುವೆಯಲ್ಲಿ ಓಡಾಡುತ್ತಿದ್ದಿರಿ, ಇವತ್ತು ರಜೆ ಹಾಕಿದ್ದೀರಿ. ಇದು ಹೇಗೆ?

ಮದುವೆಯಲ್ಲಿ ಓಡಾಡಿದ್ದರಿಂದಲೇ ಇವತ್ತು ರಜೆ. ಈ ಕಾಯಿಲೆಗೆ ಏರುವ ಕಾಲ, ಇಳಿಯುವ ಕಾಲ ಎರಡೂ ಇವೆ. ಒಂದೇ ವಾರದಲ್ಲಿ ಸೋಮವಾರ ಕಪ್ಪುಹಲಗೆಯ ತುಂಬ ಪ್ರಮೇಯ ಬರೆಯಬಲ್ಲೆ, ಬುಧವಾರ ಸೀಮೆಸುಣ್ಣ ಹಿಡಿಯಲು ಆಗುವುದಿಲ್ಲ. ಬುಧವಾರ ಕುರ್ಚಿಯಲ್ಲಿ ಕುಳಿತು ಪಾಠ ಮಾಡುತ್ತೇನೆ, ಒಬ್ಬ ಹುಡುಗಿಯನ್ನು ಕರೆದು ಹಲಗೆಯ ಮೇಲೆ ಬರೆಸುತ್ತೇನೆ. ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ‘ಮೇಡಂ ಕುಳಿತೇ ಪಾಠ ಮಾಡುತ್ತಾರೆ’ ಎಂದು ಪೋಷಕರೊಬ್ಬರು ದೂರು ಕೊಟ್ಟರು. ವಿವರಣೆ ಬರೆದುಕೊಡು ಎಂದು ನನ್ನನ್ನು ಕೇಳಿದರು. ಆ ದಿನ ಪೆನ್ನು ಹಿಡಿಯಲು ಆಗದ ಕೈಯಿಂದಲೇ ಆ ವಿವರಣೆ ಬರೆದೆ. ಈಗಿನ ಶಾಲೆಯಲ್ಲಿ ಹಲಗೆಗೆ ಬಂದು ಬರೆಯಲು ಮಕ್ಕಳೇ ಸರದಿ ಹಾಕಿಕೊಂಡಿದ್ದಾರೆ. ಲೆಕ್ಕದಲ್ಲಿ ಹಿಂದಿದ್ದ ಕೆಲವರು ಹಲಗೆಯ ಮುಂದೆ ನಿಂತು ನಿಂತೇ ಮುಂದೆ ಬಂದಿದ್ದಾರೆ.

ಬಸ್ಸಿನದೂ ಇದೇ ಕಥೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಸ್ಪತ್ರೆಗೆ ಹೋಗಿಬರುವ ಟಿಕೆಟ್ಟಿನ ಖರ್ಚು ನನ್ನಂಥವರಿಗೆ ಉಳಿದಿದೆ, ಅದು ಸಣ್ಣ ಉಪಕಾರವಲ್ಲ. ಬಸ್ಸುಗಳು ತುಂಬಿರುತ್ತವೆ ಎಂಬುದೂ ನಿಜ. ಮೇಲಿನ ಕಂಬಿ ಹಿಡಿದು ನಿಲ್ಲುವ ಶಕ್ತಿ ನನ್ನ ಮಣಿಕಟ್ಟಿಗೆ ಇಲ್ಲ. ನಲವತ್ತೆರಡರ ಹೆಂಗಸು ಎಪ್ಪತ್ತರ ಅಜ್ಜಿಯ ಮುಂದೆ ಸೀಟು ಬಿಡದೆ ಕುಳಿತರೆ ಎಲ್ಲರ ಕಣ್ಣೂ ಅವಳ ಮೇಲೇ ಇರುತ್ತದೆ. ಆ ನೋಟ ತಾಳಲಾರದೆ ಒಮ್ಮೆ ಎದ್ದು ನಿಂತು, ಆಲೂರಿನ ತಿರುವಿನಲ್ಲಿ ಬಿದ್ದಿದ್ದೇನೆ. ಈಗ ಏಳುವುದಿಲ್ಲ. ‘ನನಗೆ ಕೀಲಿನ ಕಾಯಿಲೆ ಇದೆ ಅಮ್ಮ’ ಎಂದು ಅಜ್ಜಿಗೇ ಹೇಳುತ್ತೇನೆ. ಅಜ್ಜಿಯರು ಥಟ್ಟನೆ ನಂಬುತ್ತಾರೆ, ಅವರಿಗೆ ಗೊತ್ತಿರುತ್ತದೆ.

ಬಾಣಂತನ ಸರಿಯಾಗಿ ಆಗಲಿಲ್ಲವೇ?

ಇದಕ್ಕೆ ಉದ್ದವಾಗಿಯೇ ಉತ್ತರಿಸಬೇಕು, ಯಾಕೆಂದರೆ ಈ ಪ್ರಶ್ನೆ ನನ್ನನ್ನು ಮುಟ್ಟಿ ಅಲ್ಲಿಗೇ ನಿಲ್ಲಲಿಲ್ಲ.

ಎರಡನೆಯ ಮಗಳು ಹುಟ್ಟಿ ನಾಲ್ಕು ತಿಂಗಳಿಗೆ ನನ್ನ ಬೆರಳುಗಳು ಊದಿದವು. ತವರಿನಲ್ಲಿದ್ದೆ. ಪುನರ್ವಸು ಮಳೆ ಹಿಡಿದಿತ್ತು, ಮೂರು ದಿನ ಬಿಸಿಲು ಕಂಡಿರಲಿಲ್ಲ. ನೋಡಲು ಬಂದವರೆಲ್ಲ ಹೇಳಿದ್ದು ಒಂದೇ: ತಣ್ಣೀರು ಮುಟ್ಟಿರಬೇಕು, ಕಿವಿಗೆ ಹತ್ತಿ ಇಟ್ಟಿರಲಿಲ್ಲವೇನೋ, ಮೈಗೆ ಗಾಳಿ ಹೊಕ್ಕಿದೆ. ಬಾಣಂತನ ಮಾಡಿದವಳು ನನ್ನ ಅಮ್ಮ. ಅವರು ಹೇಳಿದ್ದು ನನಗೆ, ಕೇಳಿಸಿಕೊಂಡದ್ದು ಅವಳು. ಯಾವ ದಿನ ಯಾವ ಕಿಟಕಿ ತೆರೆದಿತ್ತು, ಯಾವ ದಿನ ಖಾರ ಕಡಿಮೆಯಾಯಿತು ಎಂದು ಅಮ್ಮ ವರ್ಷಗಟ್ಟಲೆ ಲೆಕ್ಕ ಹಾಕಿದಳು. ರಾತ್ರಿ ನನ್ನ ಕೈಗೆ ಎಣ್ಣೆ ಹಚ್ಚುತ್ತ ‘ನನ್ನಿಂದಲೇ ಆಯಿತು’ ಎಂದು ಅತ್ತದ್ದನ್ನು ನಾನು ಕಂಡಿದ್ದೇನೆ.

ನಿಜ ಸಂಗತಿ ಇದು. ಬಸುರಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಮಗುವನ್ನು ಹೊರಗಿನದೆಂದು ಭಾವಿಸದಂತೆ ತನ್ನ ನಡವಳಿಕೆಯನ್ನು ಬದಲಿಸಿಕೊಳ್ಳುತ್ತದೆ. ಆದ್ದರಿಂದ ಸಂಧಿವಾತ ಇರುವ ಅನೇಕ ಹೆಂಗಸರಿಗೆ ಆ ತಿಂಗಳುಗಳಲ್ಲಿ ನೋವು ಕಡಿಮೆಯಾಗುತ್ತದೆ. ಹೆರಿಗೆಯಾದ ಮೇಲೆ ಅದು ಹಳೆಯ ಸ್ಥಿತಿಗೆ ಮರಳುವಾಗ ಕಾಯಿಲೆ ಕೆರಳುತ್ತದೆ, ಕೆಲವರಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತದೆ. ಬಾಣಂತಿಯರಿಗೆ ಕೀಲು ಹಿಡಿಯುವುದನ್ನು ನಮ್ಮ ಅಜ್ಜಿಯರು ಕಣ್ಣಾರೆ ಕಂಡಿದ್ದರು, ಅವರ ಗಮನಿಕೆ ಸರಿಯೇ ಇತ್ತು. ಕಾರಣವನ್ನು ಮಾತ್ರ ತಣ್ಣೀರಿನ ಮೇಲೆ, ಗಾಳಿಯ ಮೇಲೆ, ಕೊನೆಗೆ ಇನ್ನೊಬ್ಬ ಹೆಂಗಸಿನ ಆರೈಕೆಯ ಮೇಲೆ ಹಾಕಿದರು. ವೈದ್ಯರು ಇದನ್ನು ಅಮ್ಮನ ಎದುರಿಗೇ ಬಿಡಿಸಿ ಹೇಳಿದ ದಿನ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತಿದ್ದಳು. ದಯವಿಟ್ಟು ಯಾವ ಬಾಣಂತಿಯ ತಾಯಿಯನ್ನೂ ಈ ಪ್ರಶ್ನೆ ಕೇಳಬೇಡಿ.

ಮಂಡಿನೋವು ನನಗೂ ಇದೆ. ಎರಡೂ ಒಂದೇ ಅಲ್ಲವೇ?

ಅಲ್ಲ. ವಯಸ್ಸಿನೊಂದಿಗೆ ಬರುವ ಮಂಡಿ ಸವೆತ ಬೇರೆ. ಅದು ನಡೆದಷ್ಟೂ ಹೆಚ್ಚುತ್ತದೆ, ಕುಳಿತರೆ ಇಳಿಯುತ್ತದೆ. ನನ್ನದು ಮಲಗಿದಷ್ಟೂ ಬಿಗಿಯುತ್ತದೆ, ಓಡಾಡಿದ ಮೇಲೆ ಸಡಿಲವಾಗುತ್ತದೆ. 2006ರಲ್ಲಿ ಚಿಕೂನ್‌ಗುನ್ಯಾ ನಮ್ಮ ರಾಜ್ಯದ ಊರೂರಿಗೆ ಹಬ್ಬಿದಾಗ ಅನೇಕರು ತಿಂಗಳುಗಟ್ಟಲೆ ಕೀಲುನೋವು ಅನುಭವಿಸಿದರು. ಆ ಹೆಸರಿಗೇ ಆಫ್ರಿಕಾದ ಮಕೊಂಡೆ ಭಾಷೆಯಲ್ಲಿ ‘ಬಾಗಿಸುವಂಥದ್ದು’ ಎಂಬ ಅರ್ಥವಿದೆ. ಆ ಕಾಯಿಲೆ ಉಂಡವರು ನನ್ನ ಬೆಳಗನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ. ‘ಆಗ ನಮಗೂ ಹೀಗೆಯೇ ಆಗಿತ್ತು’ ಎಂದು ಅವರು ಹೇಳಿದರೆ ನನಗೆ ಸಂತೋಷವೇ.

ಹಂದಿಗೋಡು ಕಾಯಿಲೆಯೇ?

ಮಲೆನಾಡಿನ ಹಿರಿಯರು ಮಾತ್ರ ಕೇಳುವ ಪ್ರಶ್ನೆ. ಅದಲ್ಲ. ಹಂದಿಗೋಡು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಳ್ಳಿ. 1970ರ ದಶಕದ ಮಧ್ಯಭಾಗದಲ್ಲಿ ಅಲ್ಲಿನ ಜನರ ಸೊಂಟ ಮತ್ತು ಮಂಡಿ ಕೀಲುಗಳು ಹಾಳಾಗುತ್ತಿರುವುದು ವೈದ್ಯರ ಗಮನಕ್ಕೆ ಬಂತು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೆಲವು ಹಳ್ಳಿಗಳಲ್ಲಿಯೂ ಅದು ಇದೆ. ಅದು ಕುಟುಂಬದಲ್ಲಿ ಹರಿದುಬರುವ, ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ ಕಾಯಿಲೆ. ಹೆಚ್ಚಾಗಿ ನರಳಿದವರು ಬಡ ದಲಿತ ಕುಟುಂಬಗಳ ಕೂಲಿಕಾರರು. ಆ ಮನೆಗಳವರು ಮೊದಲ ವರ್ಷಗಳಲ್ಲಿ ಕೇಳಿಸಿಕೊಂಡ ಮಾತುಗಳ ಮುಂದೆ ನನಗೆ ಬಂದ ಮಾತುಗಳು ಏನೂ ಅಲ್ಲ ಎಂದು ನನಗೆ ಅನಿಸುತ್ತದೆ. ಸಂಬಳ, ಓದು, ಆಸ್ಪತ್ರೆಗೆ ಹೋಗುವ ದಾರಿ ಇರುವ ನನ್ನನ್ನೇ ಜನ ನಂಬುವುದಿಲ್ಲ. ದಿನಗೂಲಿಯ ಹೆಂಗಸು ‘ಕೈ ಆಡುವುದಿಲ್ಲ’ ಎಂದರೆ ಯಾರು ನಂಬಿಯಾರು? ತೋಟದಲ್ಲಿ ಕಾಫಿ ಹಣ್ಣು ಕೀಳುವ ಕಾಲಕ್ಕೆ ತವರಿಗೆ ಹೋದಾಗಲೆಲ್ಲ ಇದು ಕಾಡುತ್ತದೆ. ಹಣ್ಣು ಕೀಳುವ ಕೂಲಿ ಕಿಲೋ ಲೆಕ್ಕ. ಬೆರಳು ಊದಿದವಳಿಗೆ ಕಡಿಮೆ ಕಿಲೋ, ಕಡಿಮೆ ಕೂಲಿ, ಮೇಲೆ ‘ಸೋಮಾರಿ’ ಎಂಬ ಹೆಸರು.

ಇದು ಅಂಟುತ್ತದೆಯೇ?

ಇಲ್ಲ. ನನ್ನ ತಟ್ಟೆ, ಲೋಟ, ಟವಲು ಯಾವುದರಿಂದಲೂ ಇಲ್ಲ.

ಹೆಣ್ಣುಮಕ್ಕಳಿಗೆ ಬರುತ್ತದೆಯೇ?

ಹತ್ತಿರದ ರಕ್ತಸಂಬಂಧಿಗೆ ಇದ್ದರೆ ಬರುವ ಸಾಧ್ಯತೆ ಇತರರಿಗಿಂತ ಸ್ವಲ್ಪ ಹೆಚ್ಚು, ಆದರೂ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಇಷ್ಟು ನಾನು ಸಮಾಧಾನದಿಂದಲೇ ಹೇಳುತ್ತೇನೆ. ಆದರೆ ಈ ಪ್ರಶ್ನೆಯ ಹಿಂದೆ ಬಹಳ ಸಲ ಇನ್ನೊಂದು ಪ್ರಶ್ನೆ ಇರುತ್ತದೆ: ಮುಂದೆ ಇವರ ಮದುವೆ ಹೇಗೆ? ದೊಡ್ಡವಳಿಗೆ ಹದಿನೈದು ವರ್ಷ. ಒಬ್ಬ ನೆಂಟರು ಅವಳ ಎದುರಿಗೇ ‘ಅಮ್ಮನ ಕಾಯಿಲೆಯನ್ನು ಹೊರಗೆ ಹೇಳಿಕೊಳ್ಳಬೇಡ’ ಎಂದು ಬುದ್ಧಿ ಹೇಳಿದರು. ಆ ರಾತ್ರಿ ಅವಳು ನನ್ನ ಬೆರಳುಗಳನ್ನು ಹಿಡಿದುಕೊಂಡು ‘ಇದರಲ್ಲಿ ಮುಚ್ಚಿಡುವಂಥದ್ದು ಏನಿದೆ?’ ಎಂದು ಕೇಳಿದಳು. ಏನೂ ಇಲ್ಲ ಎಂದೆ. ಇದನ್ನು ನಾನು ಬರೆಯುತ್ತಿರುವುದಕ್ಕೆ ಆ ರಾತ್ರಿಯೂ ಒಂದು ಕಾರಣ.

ಇನ್ನೊಂದು ಮಗು, ಗಂಡುಮಗು, ಬೇಡವೇ?

ನಾನು ತೆಗೆದುಕೊಳ್ಳುವ ಔಷಧಿ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಅದು ಇಲ್ಲದಿದ್ದರೂ ನನ್ನ ಉತ್ತರ ಇದೇ ಆಗಿರುತ್ತಿತ್ತು.

ಪೂರ್ತಿ ವಾಸಿಯಾಗುವುದು ಯಾವಾಗ?

ನಮ್ಮ ಮಾತಿನಲ್ಲಿ ಕಾಯಿಲೆ ಬರುತ್ತದೆ, ಹೋಗುತ್ತದೆ. ಇಲ್ಲವೇ ಮನುಷ್ಯನೇ ಹೋಗುತ್ತಾನೆ. ಬಂದು, ಜೊತೆಗೇ ಕುಳಿತು, ವಯಸ್ಸಾಗುವ ಕಾಯಿಲೆಗೆ ನಮ್ಮ ಕುಶಲಪ್ರಶ್ನೆಗಳಲ್ಲಿ ಜಾಗವಿಲ್ಲ. ಆದ್ದರಿಂದ ಪ್ರತಿ ಭೇಟಿಯಲ್ಲಿಯೂ ‘ಈಗ ವಾಸಿಯಾಯಿತೇ?’ ಎಂದು ಕೇಳುತ್ತಾರೆ. ‘ಇಲ್ಲ’ ಎಂದರೆ ಅವರ ಮುಖ ಬಾಡುತ್ತದೆ, ಅವರ ಹಾರೈಕೆಯನ್ನು ನಾನು ವ್ಯರ್ಥ ಮಾಡಿದ ಹಾಗೆ ನನಗೇ ಅಳುಕಾಗುತ್ತದೆ. ಕೆಲವರು ಎರಡು ವರ್ಷ ಕೇಳಿ, ಮೂರನೆಯ ವರ್ಷ ಕೇಳುವುದನ್ನು ಬಿಟ್ಟುಬಿಟ್ಟರು.

ಇದಕ್ಕೆ ಪೂರ್ತಿ ವಾಸಿ ಎಂಬುದು ಇಲ್ಲ. ಆದರೆ ಹತೋಟಿ ಎಂಬುದು ಇದೆ. ಸರಿಯಾದ ಔಷಧಿ ಬೇಗ ಶುರುವಾದರೆ ಊತವಿಲ್ಲದೆ, ನೋವಿಲ್ಲದೆ ವರ್ಷಗಳನ್ನು ಕಳೆಯುವವರಿದ್ದಾರೆ. ನನಗೂ ಅಂಥ ಹದಿನಾಲ್ಕು ತಿಂಗಳು ಸಿಕ್ಕಿದ್ದವು. ಆ ತಿಂಗಳುಗಳಲ್ಲಿ ಅಕ್ಕಿರೊಟ್ಟಿ ತಟ್ಟಿದ್ದೇನೆ, ಒತ್ತುಶ್ಯಾವಿಗೆಯ ಒರಳನ್ನು ಒಬ್ಬಳೇ ಒತ್ತಿದ್ದೇನೆ, ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿ ಮಕ್ಕಳೊಂದಿಗೆ ಮಂಜಿನಲ್ಲಿ ನಿಂತಿದ್ದೇನೆ.

ಅದು ಕ್ಯಾನ್ಸರ್ ಮಾತ್ರೆಯಂತೆ, ಹೌದೇ?

ಮೆಥೊಟ್ರೆಕ್ಸೇಟ್ ಎಂಬುದು ನನ್ನ ಮುಖ್ಯ ಔಷಧಿ. ಹೆಚ್ಚಿನ ಪ್ರಮಾಣದಲ್ಲಿ ಅದನ್ನು ಕ್ಯಾನ್ಸರಿಗೆ ಕೊಡುತ್ತಾರೆ, ಅದು ನಿಜ. ಸಂಧಿವಾತಕ್ಕೆ ಕೊಡುವುದು ಸಣ್ಣ ಪ್ರಮಾಣದಲ್ಲಿ, ವಾರಕ್ಕೆ ಒಂದೇ ದಿನ. ಈ ‘ವಾರಕ್ಕೆ ಒಂದೇ ದಿನ’ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ: ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಮಾತ್ರೆಯ ಡಬ್ಬಿಯ ಮೇಲೆ ವಾರದ ಹೆಸರನ್ನು ದೊಡ್ಡದಾಗಿ ಕನ್ನಡದಲ್ಲಿ ಬರೆದಿಡಿ. ಜೊತೆಗೆ ಫೋಲಿಕ್ ಆಮ್ಲ ಕೊಡುತ್ತಾರೆ, ಆಗಾಗ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸುತ್ತಾರೆ. ನಾನು ಶನಿವಾರ ರಾತ್ರಿ ತೆಗೆದುಕೊಳ್ಳುತ್ತೇನೆ. ಭಾನುವಾರ ಹೊಟ್ಟೆ ತೊಳಸುತ್ತದೆ, ಮೈ ಏಳುವುದಿಲ್ಲ. ಸೋಮವಾರ ಶಾಲೆಗೆ ಸರಿಹೋಗುತ್ತೇನೆ. ಭಾನುವಾರದ ಗೃಹಪ್ರವೇಶಗಳಿಗೆ, ನಾಮಕರಣಗಳಿಗೆ ನಾನು ಬಾರದಿರುವುದು ಅದಕ್ಕೆ. ‘ಅವಳಿಗೆ ನಮ್ಮ ಮನೆ ಬೇಡವಾಗಿದೆ’ ಎಂದುಕೊಂಡವರು ಇದನ್ನು ಓದಲಿ ಎಂದು ನನ್ನ ಆಸೆ.

ಇನ್ನೊಂದು ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್. 2020ರಲ್ಲಿ ಕೊರೋನಾಕ್ಕೆ ಅದು ಮದ್ದೆಂಬ ಸುದ್ದಿ ಹಬ್ಬಿ, ಅಂಗಡಿಗಳಲ್ಲಿ ಅದು ಸಿಗದಂತಾಯಿತು. ಲಾಕ್‌ಡೌನಿನಲ್ಲಿ ನನ್ನ ಗಂಡ ಊರಿನ ಅಂಗಡಿ ಅಂಗಡಿ ಅಲೆದು ಒಂದು ಸ್ಟ್ರಿಪ್ ಮಾತ್ರೆ ತಂದರು. ಕಾಯಿಲೆಯಿಲ್ಲದವರು ಭಯಕ್ಕೆ ಕೊಂಡಿಟ್ಟ ಮಾತ್ರೆ, ದಿನವೂ ಬೇಕಾದವರ ಕೈಗೆ ಸಿಗಲಿಲ್ಲ.

ದಪ್ಪಗಾಗಿದ್ದೀರಿ, ಮುಖಕ್ಕೆ ಕಳೆ ಬಂದಿದೆ. ಗುಣವಾದಂತಿದೆ?

ಅದು ಸ್ಟೀರಾಯ್ಡ್. ಕಾಯಿಲೆ ಕೆರಳಿದಾಗ ವೈದ್ಯರು ಕೆಲವು ವಾರ ಕೊಡುತ್ತಾರೆ, ಮುಖ ದುಂಡಗಾಗುತ್ತದೆ. ನನ್ನ ಅತ್ಯಂತ ಕೆಟ್ಟ ತಿಂಗಳುಗಳಲ್ಲಿಯೇ ಜನ ನನ್ನನ್ನು ಹೊಗಳಿದ್ದಾರೆ. ಕಾರ್ಟಿಸೋನ್ ಎಂಬ ಸ್ಟೀರಾಯ್ಡನ್ನು ಸಂಧಿವಾತಕ್ಕೆ ಮೊದಲು ಕೊಟ್ಟದ್ದು 1948ರಲ್ಲಿ, ಅಮೆರಿಕದಲ್ಲಿ. ಹಾಸಿಗೆ ಹಿಡಿದಿದ್ದವರು ಎದ್ದು ನಡೆದರು, ಎರಡೇ ವರ್ಷಕ್ಕೆ ಆ ಸಂಶೋಧನೆಗೆ ನೊಬೆಲ್ ಬಂತು. ಆಮೇಲೆಯೇ ಅದರ ಇನ್ನೊಂದು ಮುಖ ತಿಳಿದದ್ದು: ಮೂಳೆ ಸವೆತ, ಸಕ್ಕರೆ ಕಾಯಿಲೆ, ಸೋಂಕು. ಬಹಳ ದಿನ ತೆಗೆದುಕೊಂಡವರು ಅದನ್ನು ತಾವೇ ಥಟ್ಟನೆ ನಿಲ್ಲಿಸಲೂ ಬಾರದು, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ನಮ್ಮ ಊರಿನ ಹತ್ತಿರ ಒಬ್ಬರು ಪುಡಿ ಕೊಡುತ್ತಾರೆ. ಮೂರೇ ದಿನಕ್ಕೆ ನೋವು ಹೋಗುತ್ತದೆ. ಒಮ್ಮೆ ನೋಡಬಾರದೇ?

ನೋಡಿದ್ದೇನೆ. ಮೂರನೆಯ ವರ್ಷ, ಮಾತ್ರೆಗಳಿಂದ ಬೇಸತ್ತು, ಎಲ್ಲವನ್ನೂ ಬಿಟ್ಟು ನಾಲ್ಕು ತಿಂಗಳು ಹೆಸರಿಲ್ಲದ ಪುಡಿ ನುಂಗಿದೆ. ಮೂರೇ ದಿನಕ್ಕೆ ನೋವು ಹೋಯಿತು. ಅಷ್ಟು ಬೇಗ ಹೋದದ್ದಕ್ಕೇ ನಾನು ಹೆದರಬೇಕಾಗಿತ್ತು. ಇಂಥ ಲೇಬಲ್ಲಿಲ್ಲದ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು, ಕೆಲವದರಲ್ಲಿ ಸೀಸದಂಥ ಲೋಹಗಳಿರುವುದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ನನ್ನ ಪುಡಿಯಲ್ಲಿ ಏನಿತ್ತೋ ಯಾರೂ ಪರೀಕ್ಷಿಸಲಿಲ್ಲ. ನಾಲ್ಕು ತಿಂಗಳ ನಂತರ ಬಲ ಮಣಿಕಟ್ಟು ಮಡಚುವುದು ನಿಂತಿತು, ಎಕ್ಸ್‌ರೇಯಲ್ಲಿ ಮೂಳೆಯ ಅಂಚು ಇಲಿ ಕಡಿದ ಹಾಗಿತ್ತು. ಇವತ್ತಿಗೂ ಆ ಕೈಯಲ್ಲಿ ಕೊಡ ಎತ್ತಲಾರೆ.

ಆಯುರ್ವೇದದ ಮೇಲೆ ನನಗೆ ದ್ವೇಷವಿಲ್ಲ. ಹಾಸನದಲ್ಲಿಯೇ ಆಯುರ್ವೇದ ಕಾಲೇಜು, ಆಸ್ಪತ್ರೆ ಇವೆ. ಇಂಥ ಲಕ್ಷಣಗಳನ್ನು ಆ ಶಾಸ್ತ್ರ ಆಮವಾತ ಎಂದು ಹೆಸರಿಟ್ಟು ಬಹಳ ಹಿಂದೆಯೇ ವಿವರಿಸಿದೆ. ಓದಿದ ವೈದ್ಯರು, ಹೆಸರಿರುವ ಔಷಧಿ, ನನ್ನ ರುಮಟಾಲಜಿ (ಕೀಲುಕಾಯಿಲೆಗಳ ವಿಭಾಗ) ವೈದ್ಯರಿಗೆ ತಿಳಿಸಿ ಮಾಡುವ ಚಿಕಿತ್ಸೆ ಒಂದು. ಬಸ್ಸಿನಲ್ಲಿ ಸಿಕ್ಕವರು ಹೇಳಿದ ಪೊಟ್ಟಣ ಇನ್ನೊಂದು.

ಬದನೆಕಾಯಿ, ಹುಳಿ, ಆಲೂಗಡ್ಡೆ ಬಿಟ್ಟಿದ್ದೀರಾ?

ಬಿಟ್ಟಿದ್ದೆ, ಎರಡು ವರ್ಷ. ವ್ಯತ್ಯಾಸ ಕಾಣಲಿಲ್ಲ. ಯಾವುದೇ ಒಂದು ತರಕಾರಿ ಬಿಟ್ಟರೆ ಈ ಕಾಯಿಲೆ ನಿಲ್ಲುವುದಿಲ್ಲ. ಬಿಡಲೇಬೇಕಾದದ್ದು ಬೀಡಿ, ಸಿಗರೇಟು. ಧೂಮಪಾನ ಈ ಕಾಯಿಲೆಯನ್ನು ತರುವುದರಲ್ಲಿಯೂ ಕೆರಳಿಸುವುದರಲ್ಲಿಯೂ ಪಾತ್ರ ವಹಿಸುತ್ತದೆ. ಪಥ್ಯದ ಮಾತು ಆಡುವಾಗ ಗಂಡಸರಿಗೆ ಇದನ್ನು ಯಾರೂ ಹೇಳುವುದನ್ನು ನಾನು ಕೇಳಿಲ್ಲ.

ಮಳೆಗಾಲದಲ್ಲಿ ಹೆಚ್ಚಾಗುತ್ತದೆಯೇ?

ನನಗೆ ಹಾಗೆ ಅನಿಸುತ್ತದೆ. ಆಷಾಢದಲ್ಲಿ ತವರಿಗೆ ಹೋದರೆ ಕೊಟ್ಟಿಗೆಹಾರ ದಾಟುವ ಮೊದಲೇ ಬೆರಳು ಹೇಳಿಬಿಡುತ್ತವೆ. ಆದರೆ ಮಳೆ ಕಾಯಿಲೆಯನ್ನು ತರುವುದಿಲ್ಲ. ಕಂಬಳಿ, ಬಿಸಿನೀರು, ಕೈಗವಸು ಸಾಕು. ಊರು ಬಿಟ್ಟು ಬಯಲುಸೀಮೆಗೆ ಹೋಗಿ ನೆಲೆಸಬೇಕಾಗಿಲ್ಲ.

ಹಿಂದಿನ ಜನ್ಮದ ಕರ್ಮವೇ? ಕಣ್ಣು ಬಿದ್ದಿರಬಹುದೇ? ಹಾಸನಾಂಬೆಗೆ ಹೇಳಿಕೊಂಡಿದ್ದೀರಾ?

ಕರ್ಮ ಎಂಬ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನೋವಿನಲ್ಲಿರುವವಳ ಮೇಲೆ ತಪ್ಪನ್ನೂ ಹೊರಿಸುವ ಮಾತು ಅದು.

ದೇವರ ವಿಷಯ ಬೇರೆ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ ತೆರೆದು, ಬಲಿಪಾಡ್ಯಮಿಯ ನಂತರ ಮುಚ್ಚುತ್ತದೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆರೆಯುವಾಗಲೂ ಉರಿಯುತ್ತಿರುತ್ತದೆ ಎಂಬ ನಂಬಿಕೆಯಲ್ಲಿ ನಾನು ಬೆಳೆದವಳು. ನಿತ್ಯ ಹೋಗಿಬರುವ ಬೀದಿಯಲ್ಲಿಯೇ ಇರುವ ತಾಯಿಯನ್ನು ಆರು ವರ್ಷ ನೋಡಲಿಲ್ಲ, ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಲು ಆಗುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಏಳನೆಯ ವರ್ಷ ಮಡಚುವ ಪ್ಲಾಸ್ಟಿಕ್ ಸ್ಟೂಲು ಹಿಡಿದು ಹೋದೆ. ಸಾಲು ಸರಿದಂತೆ ಸ್ಟೂಲು ಸರಿಸಿದೆ. ಹಿಂದಿದ್ದ ಹುಡುಗರು ಮೊದಲು ಗೊಣಗಿದರು, ಆಮೇಲೆ ಅವರೇ ಸ್ಟೂಲು ಎತ್ತಿ ಮುಂದಿಡತೊಡಗಿದರು.

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಶಾಲಾ ಪ್ರವಾಸದಲ್ಲಿ ಮಕ್ಕಳ ಎದುರಿಗೆ ಡೋಲಿಯಲ್ಲಿ ಕುಳಿತೆ. ‘ಇಷ್ಟು ಚಿಕ್ಕ ವಯಸ್ಸಿಗೆ ಡೋಲಿಯೇ?’ ಎಂದು ಇಳಿದು ಬರುತ್ತಿದ್ದ ಯಾರೋ ಅಂದರು. ಮೇಲೆ ಹೋದ ಮೇಲೆ ಆ 58 ಅಡಿಯ ಬೆತ್ತಲೆ ಮೂರ್ತಿಯ ಪಾದದ ಬಳಿ ಕುಳಿತು, ಹೊತ್ತು ತಂದವರಿಗೆ ಮನಸ್ಸಿನಲ್ಲಿಯೇ ಕೈಮುಗಿದೆ.

ಅಂಗವಿಕಲರ ಪ್ರಮಾಣಪತ್ರ ಸಿಗುವುದಿಲ್ಲವೇ?

2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಪಾರ್ಕಿನ್ಸನ್, ಹಿಮೋಫಿಲಿಯಾ, ಥಲಸೀಮಿಯಾದಂಥ ದೀರ್ಘಕಾಲದ ಕಾಯಿಲೆಗಳೂ ಅದರಲ್ಲಿವೆ. ಸಂಧಿವಾತದ ಹೆಸರು ಅದರಲ್ಲಿ ಇಲ್ಲ. ಅದು ಕೀಲುಗಳಲ್ಲಿ ಉಳಿಸಿದ ಶಾಶ್ವತ ಊನವನ್ನು ಚಲನವೈಕಲ್ಯವೆಂದು ಅಳೆಯುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಬೇಕು. ಅಳತೆಯಲ್ಲಿ ಸಿಗುವುದು ಮಣಿಕಟ್ಟು ಎಷ್ಟು ಡಿಗ್ರಿ ಮಡಚುತ್ತದೆ ಎಂಬುದು. ಆಯಾಸಕ್ಕೆ ಡಿಗ್ರಿ ಇಲ್ಲ. ನನಗೆ ಪ್ರಮಾಣಪತ್ರ ಇಲ್ಲ.

ಖರ್ಚು?

ಮಾತ್ರೆಗಳು ದುಬಾರಿಯಲ್ಲ, ಜನೌಷಧಿ ಕೇಂದ್ರದಲ್ಲಿ ಮೊದಲು ವಿಚಾರಿಸಿ. ದುಬಾರಿಯಾಗುವುದು ಪರೀಕ್ಷೆಗಳು ಮತ್ತು ತಜ್ಞರಿರುವ ಊರಿನ ದಾರಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ, ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ಜೀವನವಿಡೀ ಮನೆಯಲ್ಲಿ ನುಂಗುವ ಮಾತ್ರೆಯ ಕಾಯಿಲೆಗಳು ಇಂಥ ಯೋಜನೆಗಳಲ್ಲಿ ಜಾರಿಹೋಗುತ್ತವೆ. ಇದು ಬದಲಾಗಲೇಬೇಕು.

ಗಂಡ ಪಾಪ, ಎಷ್ಟು ಸಹಿಸಿಕೊಂಡಿದ್ದಾರೆ ಅಲ್ಲವೇ?

ಅವರು ಹಂಡೆಗೆ ಬೆಂಕಿ ಹಾಕುತ್ತಾರೆ, ರೊಟ್ಟಿ ತಟ್ಟುತ್ತಾರೆ, ಅದಕ್ಕೆ ಊರಿನವರೆಲ್ಲ ಅವರನ್ನು ದೇವರಂಥ ಮನುಷ್ಯ ಎನ್ನುತ್ತಾರೆ. ಒಳ್ಳೆಯ ಮನುಷ್ಯ, ಸಂಶಯವಿಲ್ಲ. ನನ್ನ ಅತ್ತೆ ಮೂವತ್ತು ವರ್ಷ ಆಸ್ತಮಾ ಇದ್ದ ಗಂಡನಿಗೆ ಇದಕ್ಕಿಂತ ಹೆಚ್ಚು ಮಾಡಿದರು. ಅವರನ್ನು ಯಾರೂ ಹಾಗೆ ಕರೆಯಲಿಲ್ಲ. ಇದನ್ನು ಮೊದಲು ಹೇಳಿದ್ದು ನನ್ನ ಗಂಡನೇ.

ಹಾಗಾದರೆ ನಿಮ್ಮನ್ನು ಏನು ಕೇಳಬೇಕು?

‘ಇವತ್ತು ಹೇಗಿದೆ?’ ಎಂದು ಕೇಳಿ. ಇವತ್ತು ಎಂಬ ಮಾತಿಗೆ ನನ್ನ ಬಳಿ ಉತ್ತರವಿರುತ್ತದೆ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ನಾನು ಹೇಳುವುದಿಲ್ಲ. ಪಕ್ಕದ ಮನೆಯವರು ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ಸಡಿಲ ಮಾಡಿಯೇ ಕೊಡುತ್ತಾರೆ, ಮಾತಾಡದೆ. ಕಳೆದ ವಾರ ನಮ್ಮ ಶಾಲೆಯ ಅಟೆಂಡರ್ ನನ್ನ ತರಗತಿಗಳನ್ನೆಲ್ಲ ಕೆಳಗಿನ ಅಂತಸ್ತಿಗೆ ಬದಲಿಸಲು ಮುಖ್ಯೋಪಾಧ್ಯಾಯರನ್ನು ತಾನೇ ಕೇಳಿ ಮಾಡಿಸಿದ್ದ.

ನನಗೂ ಬೆಳಿಗ್ಗೆ ಬೆರಳು ಹಿಡಿಯುತ್ತದೆ. ಏನು ಮಾಡಲಿ?

ಇದನ್ನು ಕೇಳುವವರು ಸಾಮಾನ್ಯವಾಗಿ ಎಲ್ಲರೂ ಹೋದ ಮೇಲೆ, ದನಿ ತಗ್ಗಿಸಿ ಕೇಳುತ್ತಾರೆ. ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇದ್ದರೆ, ಗಿಣ್ಣುಗಳು ಊದಿದ್ದರೆ, ಇದು ಆರು ವಾರ ದಾಟಿದ್ದರೆ ಇನ್ನು ಕಾಯಬೇಡಿ. ಮೊದಲ ತಿಂಗಳುಗಳಲ್ಲಿ ಚಿಕಿತ್ಸೆ ಶುರುವಾದರೆ ಮೂಳೆ ಉಳಿಯುತ್ತದೆ. ನೋವಿನ ಮಾತ್ರೆ ನೋವನ್ನು ತಗ್ಗಿಸುತ್ತದೆ, ಹಾನಿಯನ್ನು ತಡೆಯುವುದಿಲ್ಲ. ಮೊದಲು ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಹೋಗಿ, ಅವರು ರುಮಟಾಲಜಿ ತಜ್ಞರ ಬಳಿಗೆ ಕಳಿಸುತ್ತಾರೆ. ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತ ಪರೀಕ್ಷೆಗಳ ಹೆಸರು ಕೇಳುತ್ತೀರಿ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂದರೂ ಈ ಕಾಯಿಲೆ ಇರಬಹುದು. ಪಾಸಿಟಿವ್ ಬಂದವರಿಗೆಲ್ಲ ಕಾಯಿಲೆ ಇರುವುದಿಲ್ಲ.

ಹೋಗುವ ಮೊದಲು ಒಂದು ವಾರ, ಎದ್ದ ಹೊತ್ತು ಮತ್ತು ಬೆರಳು ಸಡಿಲವಾದ ಹೊತ್ತು ಎರಡನ್ನೂ ಕ್ಯಾಲೆಂಡರಿನ ಮೇಲೆ ಬರೆದಿಡಿ. ಊತ ಇದ್ದಾಗಲೇ ಮೊಬೈಲಿನಲ್ಲಿ ಕೈಯ ಚಿತ್ರ ತೆಗೆದುಕೊಳ್ಳಿ. ವೈದ್ಯರ ಮುಂದೆ ಕುಳಿತಾಗ ಮಧ್ಯಾಹ್ನವಾಗಿರುತ್ತದೆ, ಕೈ ಸರಿಯಾಗಿಯೇ ಕಾಣುತ್ತದೆ.